ಹೊಲ, ಕಾಡು, ಕೋಟೆ: ಮಾಯಾಲೋಕದ ತಂತ್ರದಾಟಗಳಲ್ಲಿ ಹಳ್ಳಿಗಾಡು ಮತ್ತು ನಗರ

ಮಾಂತ್ರಿಕರು, ಡ್ರ್ಯಾಗನ್‌ಗಳು, ಎಲ್ಫ್‌ಗಳು ಓಡಾಡುವ ಕಲ್ಪಿತ ಲೋಕದಲ್ಲಿ ರಾಜ್ಯ ಕಟ್ಟಿ ಆಳುವ ತಂತ್ರದಾಟಗಳಲ್ಲಿ ಆಟಗಾರನ ಕಣ್ಣು ಮೊದಲು ಹೋಗುವುದು ನಗರದ ಕಡೆಗೆ. ದಂಡು ಹುಟ್ಟುವುದು ಅಲ್ಲಿ, ಹೊಸ ಮಂತ್ರ ಕಲಿಯುವುದು ಅಲ್ಲಿ, ಸೋಲು ಗೆಲುವು ತೀರ್ಮಾನವಾಗುವುದೂ ಬಹುಮಟ್ಟಿಗೆ ಅದರ ಗೋಡೆಯ ಬುಡದಲ್ಲೇ. ಆದರೆ ನಕ್ಷೆಯ ಹೆಚ್ಚಿನ ಪಾಲು ನಗರವಲ್ಲ. ಅದು ಹೊಲ, ಹುಲ್ಲುಗಾವಲು, ಕಾಡು, ಗಣಿ, ಜೌಗು. ಈ ಹೊರನೆಲಕ್ಕೆ ಎಷ್ಟು ಬೆಲೆ ಕೊಡಬೇಕು, ನಗರ ಅದನ್ನು ಎಷ್ಟರಮಟ್ಟಿಗೆ ನೆಚ್ಚಿಕೊಂಡಿರಬೇಕು ಎಂಬ ಪ್ರಶ್ನೆಗೆ ಆಟ ರೂಪಿಸುವವರು ಮೂರು ದಶಕಗಳಿಂದ ಬಗೆಬಗೆಯ ಉತ್ತರ ಕೊಡುತ್ತ ಬಂದಿದ್ದಾರೆ. ನೆಲದ ಬೆಲೆ ತೀರ ಇಳಿದರೆ ನಕ್ಷೆ ಬರೀ ಎರಡು ಕೋಟೆಗಳ ನಡುವಿನ ದಾರಿಯಾಗುತ್ತದೆ. ತೀರ ಏರಿದರೆ ನಗರವನ್ನು ಕಟ್ಟಿ ಬೆಳೆಸುವ ಶ್ರಮ ವ್ಯರ್ಥವಾಗುತ್ತದೆ.

ಈ ಆಟಗಳು ಹೆಚ್ಚಾಗಿ ಎರವಲು ತರುವುದು ಯಂತ್ರಯುಗಕ್ಕೆ ಮುಂಚಿನ ಸಮಾಜವನ್ನು. ಅಂಥ ಸಮಾಜದಲ್ಲಿ ಬಹುಪಾಲು ಜನ ಉಳುವವರೇ. ಅವರು ಉಂಡು ಮಿಕ್ಕಿದ ದವಸದ ಮೇಲೆ ಪೇಟೆ, ಅರಮನೆ, ದಂಡು ನಿಲ್ಲುತ್ತಿದ್ದವು. ಪೇಟೆಗೂ ನೆಲಕ್ಕೂ ಇರುವ ಈ ನಂಟನ್ನು ಜರ್ಮನಿಯ ಯೋಹಾನ್ ಹೈನ್ರಿಖ್ ಫಾನ್ ಥ್ಯೂನೆನ್ 1826ರಲ್ಲೇ ವಿವರಿಸಿದ್ದ. ಬೇಗ ಕೆಡುವ ಹಾಲು, ತರಕಾರಿ ಪೇಟೆಯ ಮಗ್ಗುಲಲ್ಲಿ. ಸಾಗಿಸಲು ಭಾರವಾದ ಸೌದೆಯ ಕಾಡು ಅದರಾಚೆ. ಕಾಳು ಇನ್ನೂ ಆಚೆ. ತಾನೇ ನಡೆದು ಬರಬಲ್ಲ ದನಕರು ಎಲ್ಲಕ್ಕಿಂತ ಹೊರಗೆ. ಸಾಗಣೆಯ ಖರ್ಚೇ ನೆಲದ ಬಳಕೆಯನ್ನು ನಿರ್ಧರಿಸುತ್ತದೆ ಎಂಬುದು ಅವನ ವಾದದ ತಿರುಳು. ಪಟ್ಟಣಗಳು ಒಂದರಿಂದ ಒಂದು ಎಷ್ಟು ದೂರದಲ್ಲಿ ನೆಲೆಗೊಳ್ಳುತ್ತವೆ ಎಂಬುದನ್ನು ಅದೇ ದೇಶದ ವಾಲ್ಟರ್ ಕ್ರಿಸ್ಟಾಲರ್ 1933ರಲ್ಲಿ ಷಟ್ಕೋನಗಳ ಜಾಲವಾಗಿ ಚಿತ್ರಿಸಿದ. ಇಂದಿನ ಎಷ್ಟೋ ಆಟಗಳ ನಕ್ಷೆ ಷಟ್ಕೋನಗಳಿಂದಲೇ ಆಗಿರುವುದು ಲೆಕ್ಕದ ಅನುಕೂಲಕ್ಕಾಗಿ. ಸಾಗಣೆಯ ಖರ್ಚನ್ನು ಮಾತ್ರ ಬಹುತೇಕ ಆಟಗಳು ಕೈಬಿಟ್ಟಿವೆ. ದೂರದ ಗಡಿಯಲ್ಲಿ ಬೆಳೆದ ಕಾಳು ಅದೇ ಸರದಿಯಲ್ಲಿ ರಾಜಧಾನಿಯ ಲೆಕ್ಕಕ್ಕೆ ಸೇರಿಬಿಡುತ್ತದೆ. ಈ ಒಂದು ಸರಳೀಕರಣದಿಂದ ಹಳ್ಳಿಗಾಡು ಕಳೆದುಕೊಂಡದ್ದು ಬಹಳ. ಮುಂದಿನ ಅನೇಕ ನಿಯಮಗಳು ಆ ನಷ್ಟವನ್ನು ತುಂಬುವ ಪ್ರಯತ್ನಗಳೇ.

ಇಡೀ ಪರಂಪರೆಯ ಅಡಿಗಲ್ಲು ಸಿಡ್ ಮೈಯರ್ 1991ರಲ್ಲಿ ರೂಪಿಸಿದ ಸಿವಿಲೈಸೇಶನ್. ಅಲ್ಲಿ ನಗರಕ್ಕೆ ತಾನು ಕೂತ ಚೌಕವೂ ಸೇರಿ 21 ಚೌಕಗಳ ನೆಲ ದಕ್ಕುತ್ತದೆ. ಒಬ್ಬೊಬ್ಬ ಪ್ರಜೆ ಒಂದೊಂದು ಚೌಕದಲ್ಲಿ ದುಡಿಯುತ್ತಾನೆ. ಅದೇ ಅಳತೆಯನ್ನು ಮಾಯಾಲೋಕಕ್ಕೆ ತಂದದ್ದು ಸಿಮ್‌ಟೆಕ್ಸ್ ತಂಡ ರೂಪಿಸಿ ಮೈಕ್ರೋಪ್ರೋಸ್ 1994ರಲ್ಲಿ ಹೊರತಂದ ಮಾಸ್ಟರ್ ಆಫ್ ಮ್ಯಾಜಿಕ್. ಅದು ಒಂದು ಮುಖ್ಯ ಬದಲಾವಣೆಯನ್ನೂ ಮಾಡಿತು. ಪ್ರಜೆಗಳನ್ನು ಚೌಕಗಳಿಗೆ ಹಂಚುವ ಬದಲು ರೈತರು, ಕೆಲಸಗಾರರು ಎಂದು ಎರಡು ಗುಂಪು ಮಾಡಿತು. ಸುತ್ತಲಿನ ನೆಲ ಒಟ್ಟಾರೆಯಾಗಿ ಆ ಊರು ಎಷ್ಟು ದೊಡ್ಡದಾಗಬಹುದು ಎಂಬ ಮಿತಿಯನ್ನು ಗೊತ್ತುಮಾಡುತ್ತದೆ. ನದಿಯ ದಂಡೆ, ಹುಲ್ಲುಬಯಲು ಹೆಚ್ಚು ಜನರನ್ನು ಸಲಹುತ್ತವೆ. ಮರಳುಗಾಡು, ಜೌಗು, ಬೆಟ್ಟ ಯಾರನ್ನೂ ಸಲಹುವುದಿಲ್ಲ, ಆದರೆ ಬೆಟ್ಟ ಹತ್ತಿರವಿದ್ದರೆ ಕಟ್ಟಡದ ಕೆಲಸ ಚುರುಕಾಗುತ್ತದೆ.

ಇಲ್ಲಿನ ಲೆಕ್ಕವನ್ನು ಒಂದು ಊರಿನ ಮಟ್ಟದಲ್ಲಿ ನೋಡಿದರೆ ಸಮತೋಲನ ಹೇಗೆ ಕೆಲಸ ಮಾಡುತ್ತದೆಂದು ತಿಳಿಯುತ್ತದೆ. ಎಂಟು ಘಟಕ ಜನರಿರುವ ಊರಿಗೆ ಎಂಟು ಪಾಲು ಆಹಾರ ಬೇಕು. ಸಾಮಾನ್ಯ ರೈತ ಎರಡು ಪಾಲು ಬೆಳೆಯುತ್ತಾನೆ. ನಾಲ್ವರು ರೈತರಿದ್ದರೆ ಊರು ಉಂಡು ಸರಿಹೋಯಿತು, ಮಿಕ್ಕಿದ್ದೇನೂ ಇಲ್ಲ. ಐದನೆಯವನನ್ನು ನೇಗಿಲಿಗೆ ಹಚ್ಚಿದರೆ ಎರಡು ಪಾಲು ಉಳಿಯುತ್ತದೆ, ಅಂದರೆ ಎರಡು ದಳಗಳ ಊಟ; ಒಂದೊಂದು ಸಾಮಾನ್ಯ ದಳವೂ ಒಂದು ಪಾಲು ತಿನ್ನುತ್ತದೆ. ಆದರೆ ಆ ಐದನೆಯವನು ಕೆಲಸಗಾರರ ಗುಂಪಿನಿಂದ ಬಂದವನಾದ್ದರಿಂದ ದಳಗಳನ್ನು ಕಟ್ಟುವ ವೇಗ ಅಷ್ಟರಮಟ್ಟಿಗೆ ಕುಗ್ಗುತ್ತದೆ. ತೆರಿಗೆ ಏರಿಸಿದರೆ ಕೆಲವರು ದಂಗೆಕೋರರಾಗುತ್ತಾರೆ. ಅವರು ಬೆಳೆಯುವುದಿಲ್ಲ, ಕಟ್ಟುವುದಿಲ್ಲ, ಉಣ್ಣುವುದನ್ನು ಮಾತ್ರ ಬಿಡುವುದಿಲ್ಲ. ಹಾಫ್ಲಿಂಗ್ ಜನಾಂಗದ ರೈತ ಎರಡರ ಬದಲು ಮೂರು ಪಾಲು ಬೆಳೆಯುವುದರಿಂದ ಅವರ ಒಂದು ಊರು ಬೇರೆಯವರ ದಂಡನ್ನು ಸಾಕಬಲ್ಲದು. ಹೀಗೆ ದಂಡಿನ ಗಾತ್ರ, ಖಜಾನೆ, ನೇಗಿಲು ಮೂರೂ ಒಂದೇ ಜನಸಂಖ್ಯೆಯನ್ನು ಹಂಚಿಕೊಳ್ಳಬೇಕಾಗುತ್ತದೆ. ನಿಯಮ ಇಷ್ಟು ಚಿಕ್ಕದಾಗಿದ್ದೂ ಇಷ್ಟು ದೂರ ಕೈಚಾಚುವ ಏರ್ಪಾಡು ಈ ಪ್ರಕಾರದಲ್ಲಿ ಇನ್ನೊಂದಿಲ್ಲ.

ಇದೇ ಆಟ ತಾನು ಕಟ್ಟಿದ ಸಮತೋಲನವನ್ನು ಮುರಿಯುವ ದಾರಿಯನ್ನೂ ತೆರೆದಿಟ್ಟಿತು. ಮಂತ್ರದಿಂದ ಕರೆಸಿದ ಪ್ರಾಣಿಗಳು, ಭೂತಗಳು ಅನ್ನ ತಿನ್ನುವುದಿಲ್ಲ. ಅವನ್ನು ಸಾಕುವುದು ಮಾಂತ್ರಿಕನ ಮಾನಾ ಶಕ್ತಿ. ಆಟ ಬಲಿತಂತೆಲ್ಲ ಭಟರ ಜಾಗಕ್ಕೆ ಇಂಥ ದಂಡು ಬಂದು, ಹೊಲಗಳ ಹಂಗೇ ಇಲ್ಲದ ರಾಜ್ಯಗಳು ಹುಟ್ಟುತ್ತವೆ. ಇದಕ್ಕೆ ಎದುರಾಗಿ ಮಂತ್ರಗಳು ನೆಲವನ್ನೇ ಗುರಿ ಮಾಡಬಲ್ಲವು: ಒಂದು ಮಂತ್ರ ಎದುರಾಳಿಯ ಊರಿಗೆ ಬರ ತರುತ್ತದೆ, ಇನ್ನೊಂದು ಚೌಕವನ್ನು ಕಲುಷಿತಗೊಳಿಸುತ್ತದೆ, ಮತ್ತೊಂದು ಊರಿನ ಪಕ್ಕದಲ್ಲೇ ಜ್ವಾಲಾಮುಖಿ ಎಬ್ಬಿಸುತ್ತದೆ. ಕೆಟ್ಟ ನೆಲವನ್ನು ಶುದ್ಧಿ ಮಾಡಲು ಪುರೋಹಿತರ ದಳವನ್ನೇ ಕಳಿಸಬೇಕು. ನೆಲದ ಮೇಲೆ ಹೀಗೆ ನೇರವಾಗಿ ದಾಳಿ ಮಾಡುವ ಅವಕಾಶ ಚರಿತ್ರೆಯನ್ನು ಆಧರಿಸಿದ ಆಟಗಳಿಗೆ ಅಷ್ಟು ಸುಲಭವಲ್ಲ. ಮಾಯಾಲೋಕಕ್ಕೆ ಅದು ಸಹಜ.

ಇನ್ನೊಂದು ದಾರಿ ಹಿಡಿದದ್ದು ಜಾನ್ ವ್ಯಾನ್ ಕ್ಯಾನೆಗೆಮ್ 1995ರಲ್ಲಿ ಆರಂಭಿಸಿದ ಹೀರೋಸ್ ಆಫ್ ಮೈಟ್ ಆ್ಯಂಡ್ ಮ್ಯಾಜಿಕ್ ಸರಣಿ. ಇದರಲ್ಲಿ ಹೊಲವಿಲ್ಲ, ರೈತನ ದುಡಿಮೆಯಿಲ್ಲ; ಊರುಗಳನ್ನು ಹೊಸದಾಗಿ ಕಟ್ಟುವಂತೆಯೂ ಇಲ್ಲ, ನಕ್ಷೆ ಬರೆದವನು ಇಟ್ಟ ಜಾಗದಲ್ಲೇ ಅವು ಇರುತ್ತವೆ. ಹೊರನೆಲ ಅಂದರೆ ಗಣಿಗಳು, ಗರಗಸದ ಕಾರ್ಖಾನೆ, ಗಾಳಿಗಿರಣಿ, ಜೀವಿಗಳ ಬಿಡಾರಗಳು. 1999ರ ಮೂರನೆಯ ಆಟದಲ್ಲಿ ಚಿನ್ನದ ಗಣಿ ದಿನಕ್ಕೆ 1000 ನಾಣ್ಯ ಕೊಡುತ್ತದೆ. ಊರಿನ ಆಡಳಿತಭವನ 500ರಿಂದ ಶುರುವಾಗಿ ಮೆಟ್ಟಿಲು ಮೆಟ್ಟಿಲಾಗಿ 4000ಕ್ಕೆ ಏರುತ್ತದೆ, ಆದರೆ ಆ ತುದಿಯ ಭವನ ರಾಜ್ಯಕ್ಕೆ ಒಂದೇ. ಹಣದ ಮಟ್ಟಿಗೆ ಊರು ಮುಂದು. ಗಂಧಕ, ಪಾದರಸ, ಹರಳು, ರತ್ನಗಳ ಮಟ್ಟಿಗೆ ಹಾಗಲ್ಲ. ಡಂಜನ್ ಎಂಬ ಬಗೆಯ ಊರಿನಲ್ಲಿ ಡ್ರ್ಯಾಗನ್ ಗುಹೆ ಕಟ್ಟಲು 20 ಗಂಧಕ ಬೇಕು. ಗಂಧಕದ ಗಣಿ ದಿನಕ್ಕೆ ಕೊಡುವುದು ಒಂದೇ. ಹೀಗಾಗಿ ಕಾವಲಿಲ್ಲದ ಒಂದು ಗಣಿಗೆ ಎದುರಾಳಿಯ ಒಂಟಿ ಸವಾರ ಬಂದು ಬಾವುಟ ಬದಲಿಸಿಹೋದರೆ ಊರೊಳಗಿನ ಯೋಜನೆ ದಿನಗಟ್ಟಲೆ ಹಿಂದೆ ಬೀಳುತ್ತದೆ. ನಗರ ತಾನಾಗಿ ಸಾಕಷ್ಟು ತಯಾರಿಸಲಾರದ ವಸ್ತುವನ್ನು ನೆಲದಲ್ಲಿಟ್ಟರೆ ಸಾಕು, ಆಟಗಾರ ಗೋಡೆಯಾಚೆಗೆ ನೋಡಲೇಬೇಕಾಗುತ್ತದೆ ಎಂಬುದನ್ನು ಈ ಸರಣಿ ತೋರಿಸಿಕೊಟ್ಟಿತು. ಎಷ್ಟು ಎಂಬ ಅನುಪಾತಕ್ಕಿಂತ ಯಾವುದು ಎಲ್ಲಿ ಸಿಗುತ್ತದೆ ಎಂಬ ಹಂಚಿಕೆಯೇ ಸಮತೋಲನದ ಕೀಲಿ. ಮುಂದಿನ ಒಳ್ಳೆಯ ಆಟಗಳೆಲ್ಲ ಇದನ್ನೇ ಬೇರೆ ಬೇರೆ ರೀತಿಯಲ್ಲಿ ಸಾಧಿಸಿವೆ.

ಹಳ್ಳಿಯನ್ನೇ ಕೇಂದ್ರಕ್ಕೆ ತಂದ ಆಟಗಳೂ ಇವೆ. 2003ರಲ್ಲಿ ಡೇವಿಡ್ ವೈಟ್ ಆರಂಭಿಸಿದ ಮುಕ್ತ ತಂತ್ರಾಂಶದ ಬ್ಯಾಟಲ್ ಫಾರ್ ವೆಸ್ನೋತ್‌ನಲ್ಲಿ ಆದಾಯವೆಲ್ಲ ಹೆಚ್ಚುಕಡಿಮೆ ಹಳ್ಳಿಗಳದೇ. ಹಳ್ಳಿಯಲ್ಲಿ ತಂಗಿದ ಭಟನ ಗಾಯವೂ ಮಾಯುತ್ತದೆ, ಕೋಟೆ ಬರೀ ದಂಡು ಸೇರಿಸುವ ಜಾಗ. ವಾರ್‌ಕ್ರಾಫ್ಟ್ 2 ಆಟದಲ್ಲಿ ಹೊಲವೆಂದರೆ ದಂಡಿನ ಗಾತ್ರಕ್ಕೆ ಹಾಕಿದ ಮಿತಿ ಮಾತ್ರ: ಒಂದು ಹೊಲಕ್ಕೆ ನಾಲ್ಕು ಯೂನಿಟ್. ಅಲ್ಲಿ ಹೊಲಗಳನ್ನು ಕೋಟೆಯ ಸುತ್ತ ಗೋಡೆಯಂತೆ ಸಾಲಾಗಿ ಕಟ್ಟುವುದು ರೂಢಿಯಾಯಿತು. ನೆಲದ ಜೊತೆ ಹೊಲದ ನಂಟೇ ಕಡಿದುಹೋದದ್ದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹೊಸ ಊರು ಕಟ್ಟಲು ಬಿಡುವ ಆಟಗಳಿಗೆಲ್ಲ ಅಂಟಿಕೊಂಡ ರೋಗವೊಂದಿದೆ. ಊರು ಕಟ್ಟುವುದು ಲಾಭವೆಂದಾದರೆ ಸಂದಿಗೊಂದಿಯಲ್ಲೂ ಊರು ಏಳುತ್ತದೆ. ನಕ್ಷೆಯ ತುಂಬ ಚಿಕ್ಕ ಪಟ್ಟಣಗಳು ಒತ್ತೊತ್ತಾಗಿ ಕೂತು ಹಳ್ಳಿಗಾಡು ಎಂಬುದೇ ಉಳಿಯುವುದಿಲ್ಲ. ಮಾಸ್ಟರ್ ಆಫ್ ಮ್ಯಾಜಿಕ್‌ನಲ್ಲಿ ಇದಕ್ಕೆ ತಡೆ ಕಡಿಮೆ. ಸ್ಟಾರ್‌ಡಾಕ್ ಸಂಸ್ಥೆಯ ಫಾಲನ್ ಎನ್‌ಚಾಂಟ್ರೆಸ್ 2012ರಲ್ಲಿ ಕಂಡುಕೊಂಡ ಮದ್ದು ನೆಲವನ್ನೇ ಬಡವಾಗಿಸುವುದು: ಲೋಕದ ಬಹುಭಾಗ ಹಾಳುಬಿದ್ದಿದೆ, ಕಾಳು ಬೆಳೆಯುವ ಕೆಲವೇ ಚೌಕಗಳಲ್ಲಿ ಮಾತ್ರ ಊರು ಏಳಬಲ್ಲದು. ಆ ಚೌಕದ ಗುಣ ನೋಡಿ ಊರನ್ನು ಪೇಟೆಯಾಗಿಯೋ ಕೋಟೆಯಾಗಿಯೋ ವಿದ್ಯಾಕೇಂದ್ರವಾಗಿಯೋ ಬೆಳೆಸಬೇಕು. ಅದೇ ವರ್ಷ ಬಂದ ವಾರ್‌ಲಾಕ್: ಮಾಸ್ಟರ್ ಆಫ್ ದಿ ಆರ್ಕೇನ್ ಕಟ್ಟಡಗಳನ್ನು ಊರಿನ ಹೊರಗಿನ ಷಟ್ಕೋನಗಳಲ್ಲೇ ಇಡಿಸಿತು. ಜನಸಂಖ್ಯೆ ಒಂದು ಹಂತ ಏರಿದಾಗ ಒಂದು ಕಟ್ಟಡ, ಒಂದು ಕಟ್ಟಡಕ್ಕೆ ಒಂದು ಷಟ್ಕೋನ; ಯಾವ ನೆಲವನ್ನು ಹೊಲವಾಗಿ ಉಳಿಸಬೇಕು, ಯಾವುದನ್ನು ಬಲಿಕೊಡಬೇಕು ಎಂಬುದು ಪ್ರತಿ ಬಾರಿಯೂ ಕಣ್ಣೆದುರು ಕಾಣುತ್ತದೆ. ನೆದರ್ಲೆಂಡ್ಸಿನ ಟ್ರಯಂಫ್ ಸ್ಟುಡಿಯೋಸ್‌ನ ಏಜ್ ಆಫ್ ವಂಡರ್ಸ್ 4 ಬಂದದ್ದು 2023ರಲ್ಲಿ. ಅದು ಊರುಗಳ ಸಂಖ್ಯೆಗೆ ಒಂದು ಮಿತಿ ಹಾಕಿ, ಮೀರಿದವರಿಂದ ದಂಡ ವಸೂಲು ಮಾಡುತ್ತದೆ. ಊರು ಬೆಳೆದಂತೆ ಸುತ್ತಲಿನ ಪ್ರಾಂತಗಳನ್ನು ಒಂದೊಂದಾಗಿ ಸೇರಿಸಿಕೊಂಡು ಹೊಲ, ಕಲ್ಲುಗಣಿ, ಕಬ್ಬಿಣದ ಗಣಿ, ಕಾಡಿನ ನೆಲೆ ಎಂದು ಒಂದೊಂದಕ್ಕೂ ಒಂದು ಕೆಲಸ ಗೊತ್ತುಮಾಡಬೇಕು.

ಈ ಸಾಲಿನಲ್ಲಿ ಹೆಚ್ಚು ಹೊತ್ತು ನಿಂತು ನೋಡಬೇಕಾದ ಆಟ ಪ್ಯಾರಿಸ್ಸಿನ ಆ್ಯಂಪ್ಲಿಟ್ಯೂಡ್ ಸ್ಟುಡಿಯೋಸ್ 2014ರಲ್ಲಿ ಹೊರತಂದ ಎಂಡ್‌ಲೆಸ್ ಲೆಜೆಂಡ್. ಔರಿಗಾ ಎಂಬ ಲೋಕವನ್ನು ಅದು ಪ್ರದೇಶಗಳಾಗಿ ಕತ್ತರಿಸಿ, ಒಂದು ಪ್ರದೇಶಕ್ಕೆ ಒಂದೇ ನಗರ ಎಂದು ಕಟ್ಟುಮಾಡಿತು. ಒತ್ತೊತ್ತಾಗಿ ಊರು ಕಟ್ಟುವ ಚಟ ಒಂದೇ ಏಟಿಗೆ ನಿಂತಿತು. ಪ್ರತಿ ನಗರಕ್ಕೂ ತನ್ನದೇ ಹಳ್ಳಿಗಾಡು ದಕ್ಕಿತು. ನಗರ ಬೆಳೆಯುವುದು ಬಡಾವಣೆಗಳ ಮೂಲಕ. ಎರಡು ಘಟಕ ಜನಸಂಖ್ಯೆಗೆ ಒಂದು ಬಡಾವಣೆ ಕಟ್ಟಬಹುದು. ಅದು ಸುತ್ತಲಿನ ಷಟ್ಕೋನಗಳ ಫಲವನ್ನು ನಗರಕ್ಕೆ ಸೇರಿಸುತ್ತದೆ. ಆದರೆ ಹೊಸ ಬಡಾವಣೆ ಜನರ ಅಸಮಾಧಾನವನ್ನೂ ಹೆಚ್ಚಿಸುತ್ತದೆ. ನಾಲ್ಕು ಬಡಾವಣೆಗಳು ಅದನ್ನು ಮುಟ್ಟಿದಾಗ ಮಾತ್ರ ಅದು ಎರಡನೆಯ ದರ್ಜೆಗೆ ಏರಿ ಆ ಅಸಮಾಧಾನ ಕರಗುತ್ತದೆ. ಇಲ್ಲಿ ಎರಡು ಒತ್ತಡಗಳು ಎದುರುಬದುರಾಗುತ್ತವೆ. ಹೆಚ್ಚು ನೆಲದ ಫಲ ಬೇಕೆಂದರೆ ನಗರ ಉದ್ದಕ್ಕೆ ಚಾಚಬೇಕು, ಜನ ನೆಮ್ಮದಿಯಾಗಿರಬೇಕೆಂದರೆ ಮುದ್ದೆಯಾಗಬೇಕು. ನದಿಯ ಗುಂಟವೋ ಬೆಟ್ಟದ ತಪ್ಪಲಲ್ಲೋ ಎರಡು ಬಡಾವಣೆ ಅಗಲದ ಪಟ್ಟಿಯಾಗಿ ಸಾಗುವ ನಗರಗಳು ಈ ಎಳೆದಾಟದಿಂದಲೇ ರೂಪುಗೊಳ್ಳುತ್ತವೆ, ಮತ್ತು ನಕ್ಷೆಯ ಮೇಲೆ ನಿಜವಾದ ಊರುಗಳಂತೆ ಕಾಣುತ್ತವೆ.

ಅದೇ ಆಟದಲ್ಲಿ ಚಳಿಗಾಲ ಬರುತ್ತದೆ, ಪ್ರತಿ ಸಲವೂ ಹಿಂದಿನದಕ್ಕಿಂತ ಉದ್ದವಾಗುತ್ತ ಹೋಗುತ್ತದೆ. ಚಳಿಯಲ್ಲಿ ಹೊಲಗಳ ಫಸಲು ಕುಸಿಯುತ್ತದೆ, ದಂಡಿನ ನಡೆ ನಿಧಾನವಾಗುತ್ತದೆ. ಆಟದ ಮೊದಲ ಭಾಗದಲ್ಲಿ ಸಮೃದ್ಧವಾಗಿದ್ದ ಬಯಲುಸೀಮೆ ಕೊನೆಗೆ ನಗರದ ಹೊಟ್ಟೆ ತುಂಬಿಸಲಾರದ ಸ್ಥಿತಿಗೆ ಬರುತ್ತದೆ. ಒಮ್ಮೆ ಸಾಧಿಸಿದ ಸಮತೋಲನ ಹಾಗೇ ನಿಲ್ಲುವುದಿಲ್ಲ ಎಂಬ ಈ ಏರ್ಪಾಡು ಬೇರೆ ಆಟಗಳು ಕಲಿಯಬೇಕಾದ ಪಾಠ. ಇಲ್ಲಿನ ಜನಾಂಗಗಳೂ ನೆಲವನ್ನು ಒಂದೇ ರೀತಿ ಬಳಸುವುದಿಲ್ಲ. ಬ್ರೋಕನ್ ಲಾರ್ಡ್ಸ್ ಎಂಬ ಕವಚಧಾರಿಗಳಿಗೆ ಅನ್ನವೇ ಬೇಡ. ಅವರು ಬದುಕುವುದು ಡಸ್ಟ್ ಎಂಬ ಮಾಯಾದ್ರವ್ಯದಿಂದ, ಅದು ಆಟದ ಹಣವೂ ಹೌದು. ರೋವಿಂಗ್ ಕ್ಲ್ಯಾನ್ಸ್ ಎಂಬ ವ್ಯಾಪಾರಿಗಳು ಇಡೀ ನಗರವನ್ನೇ ದೈತ್ಯಜೀವಿಯ ಬೆನ್ನ ಮೇಲೇರಿಸಿ ಬೇರೆ ಕಡೆಗೆ ಒಯ್ಯುತ್ತಾರೆ. ಕಲ್ಟಿಸ್ಟ್‌ಗಳಿಗೆ ಇಡೀ ಲೋಕದಲ್ಲಿ ಒಂದೇ ನಗರ. ಅವರು ಸುತ್ತಲಿನ ಹಳ್ಳಿಗಳನ್ನು ಮತಾಂತರಿಸಿ ಅವುಗಳ ಫಲವನ್ನು ದೂರದಿಂದಲೇ ಪಡೆಯುತ್ತಾರೆ. ಒಂದು ದೈತ್ಯ ರಾಜಧಾನಿ, ಅದರ ಸುತ್ತ ಕಣ್ಣಿಗೆ ಕಾಣುವಷ್ಟು ದೂರ ಹಳ್ಳಿಗಳು: ನಾಡು–ನಗರದ ಪ್ರಶ್ನೆಯ ಅತಿ ತುದಿಯ ರೂಪವನ್ನು ಈ ಒಂದು ಜನಾಂಗದಲ್ಲಿ ಆಡಿನೋಡಬಹುದು.

ಇವೆಲ್ಲದರಲ್ಲೂ ನೆಲ ನಗರಕ್ಕೆ ಏನನ್ನೋ ಒದಗಿಸುವ ಆಳು. ನೆಲಕ್ಕೆ ತನ್ನದೇ ಘನತೆ ಕೊಟ್ಟ ನಿಯಮ ಬಂದದ್ದು ಕಂಪ್ಯೂಟರಿನ ಹೊರಗೆ, ಟಿಎಸ್ಆರ್ ಸಂಸ್ಥೆ 1995ರಲ್ಲಿ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ಗಾಗಿ ಪ್ರಕಟಿಸಿದ ಬರ್ತ್‌ರೈಟ್‌ನಲ್ಲಿ. ಸೆರಿಲಿಯಾ ಖಂಡದ ಪ್ರತಿ ಪ್ರಾಂತಕ್ಕೂ ಎರಡು ಅಂಕಿಗಳಿವೆ: ಒಂದು ಜನವಸತಿಯ ಮಟ್ಟ, ಇನ್ನೊಂದು ಆ ನೆಲದಲ್ಲಿ ಹರಿಯುವ ಮಾಯಾಶಕ್ತಿಯ ಮಟ್ಟ. ಮೊದಲನೆಯದು ಏರಿದರೆ ಎರಡನೆಯದು ಇಳಿಯುತ್ತದೆ. ರಾಜನಿಗೆ ತೆರಿಗೆ ಬೇಕು, ಆದ್ದರಿಂದ ಜನ ತುಂಬಬೇಕು. ಮಾಂತ್ರಿಕನಿಗೆ ಶಕ್ತಿಯ ಊಟೆ ಬೇಕು, ಆದ್ದರಿಂದ ಕಾಡು ಕಾಡಾಗಿಯೇ ಇರಬೇಕು. ಬೀಳುಬಿಟ್ಟ ನೆಲವನ್ನು ಕಾಯುವುದಕ್ಕೂ ಅಧಿಕಾರದಷ್ಟೇ ಗಟ್ಟಿಯಾದ ಕಾರಣ ಇಲ್ಲಿ ಹುಟ್ಟಿತು. ಎಲ್ಫ್‌ಗಳ ವಸತಿ ಮಾತ್ರ ಆ ಶಕ್ತಿಯನ್ನು ಕುಂದಿಸುವುದಿಲ್ಲ, ಹಾಗಾಗಿ ಅವರ ಕಾಡಿನ ಮೇಲೆ ಎಲ್ಲರ ಕಣ್ಣು. ಪ್ರಕಟವಾದ ಕಾಲದಲ್ಲಿ ಸಿಗಬೇಕಾದಷ್ಟು ಗಮನ ಸಿಗದಿದ್ದರೂ ಈ ಪ್ರಶ್ನೆಗೆ ಕೊಟ್ಟ ಉತ್ತರಗಳಲ್ಲಿ ಇದಕ್ಕಿಂತ ಚೊಕ್ಕವಾದದ್ದು ಸಿಗುವುದು ಕಷ್ಟ.

ಅದೇ ದಿಕ್ಕಿನ ಪ್ರಯತ್ನ ಡೆರೆಕ್ ಪ್ಯಾಕ್ಸ್‌ಟನ್ ನೇತೃತ್ವದಲ್ಲಿ ಸಿವಿಲೈಸೇಶನ್ 4ರ ಮೇಲೆ ಕಟ್ಟಿದ ಫಾಲ್ ಫ್ರಮ್ ಹೆವನ್ 2. ಅದರ ಎಲ್ಫ್‌ಗಳು ಮರ ಕಡಿಯದೆ ಕಾಡಿನೊಳಗೇ ಹೊಲ ಮಾಡಬಲ್ಲರು. ಕುರಿಯೊಟೇಟ್ಸ್ ಎಂಬ ಜನಾಂಗಕ್ಕೆ ಬೆರಳೆಣಿಕೆಯ ಮಹಾನಗರಗಳು. ಅವುಗಳ ಕೈ ಸುತ್ತಲೂ ಮೂರು ಚೌಕಗಳಷ್ಟು ದೂರ ಚಾಚುತ್ತದೆ, ಮಿಕ್ಕ ಊರುಗಳೆಲ್ಲ ಬರೀ ನೆಲೆಗಳು. ಇದಕ್ಕೆ ತದ್ವಿರುದ್ಧ ಚಿತ್ರ ಇಲ್‌ವಿಂಟರ್ ಸಂಸ್ಥೆಯ ಡೊಮಿನಿಯನ್ಸ್ ಸರಣಿಯಲ್ಲಿದೆ. ಅಲ್ಲಿ ಕೋಟೆ ಕಟ್ಟಿದ ಪ್ರಾಂತ ಅಕ್ಕಪಕ್ಕದ ಪ್ರಾಂತಗಳ ಸಂಪನ್ಮೂಲವನ್ನು ತನ್ನೆಡೆಗೆ ಸೆಳೆದುಕೊಳ್ಳುತ್ತದೆ, ದಂಡಿಗೆ ಆಹಾರ ಸಾಲದಿದ್ದರೆ ಹಸಿವು ಕಾಡುತ್ತದೆ. ಆದರೆ ಎರ್ಮೋರ್ ಎಂಬ ಸತ್ತವರ ಸಾಮ್ರಾಜ್ಯದ ಪ್ರಭಾವ ಹರಡಿದಲ್ಲೆಲ್ಲ ಜನ ಸಾಯುತ್ತಾರೆ, ಹೆಣಗಳು ದಂಡಾಗಿ ಏಳುತ್ತವೆ. ತೆರಿಗೆ ಕೊಡುವವರು ಇಲ್ಲವಾದರೂ ಎರ್ಮೋರ್‌ಗೆ ಚಿಂತೆಯಿಲ್ಲ, ಅದರ ಸೈನಿಕರು ಉಣ್ಣುವುದಿಲ್ಲ. ನೆರೆಯವರಿಗೆ ಮಾತ್ರ ಅಂಥ ಪ್ರಾಂತವನ್ನು ಗೆದ್ದರೂ ದಕ್ಕುವುದು ಖಾಲಿ ಹಳ್ಳಿಗಳೇ.

ನೆಲವನ್ನು ನಗರವಾಗಿ ಮಾರ್ಪಡಿಸುವ ಆ ಗಳಿಗೆಯ ಬೆಲೆಯನ್ನು ಬೆರಳಿಟ್ಟು ತೋರಿಸುವ ಆಟ 2012ರ ಬೋರ್ಡ್ ಗೇಮ್ ಟೆರಾ ಮಿಸ್ಟಿಕಾ. ಹದಿನಾಲ್ಕು ಜನಾಂಗಗಳು, ಏಳು ಬಗೆಯ ನೆಲ. ಪ್ರತಿ ಜನಾಂಗವೂ ತನ್ನ ಬಗೆಯ ನೆಲದಲ್ಲಿ ಮಾತ್ರ ಮನೆ ಕಟ್ಟಬಹುದು, ಬೇರೆ ನೆಲವನ್ನು ಸನಿಕೆ ಹಿಡಿದು ಮೊದಲು ಹದಗೊಳಿಸಬೇಕು. ವಸತಿಮನೆ ಆಟಗಾರನ ಮುಂದಿನ ಹಲಗೆಯಿಂದ ನಕ್ಷೆಗೆ ಹೋದಾಗ ಅದರ ಕೆಳಗೆ ಮುಚ್ಚಿದ್ದ ಒಬ್ಬ ಕೆಲಸಗಾರನ ಆದಾಯ ತೆರೆದುಕೊಳ್ಳುತ್ತದೆ. ಆ ಮನೆಯನ್ನು ವ್ಯಾಪಾರದ ಅಂಗಡಿಯಾಗಿ ಏರಿಸಿದರೆ ಮನೆ ಹಲಗೆಗೆ ವಾಪಸಾಗಿ ಕೆಲಸಗಾರ ಹೋಗುತ್ತಾನೆ, ನಾಣ್ಯ ಬರುತ್ತದೆ. ಪಕ್ಕದಲ್ಲಿ ಎದುರಾಳಿಯ ಕಟ್ಟಡವಿದ್ದರೆ ಅಂಗಡಿಗೆ ಆರರ ಬದಲು ಮೂರೇ ನಾಣ್ಯ. ಒಂದಕ್ಕೊಂದು ತಾಗಿದ ನಾಲ್ಕು ಕಟ್ಟಡಗಳ ಬಲ ಒಟ್ಟು ಏಳಾದರೆ ಅದು ಪಟ್ಟಣ. ಪೇಟೆ ಬೇಕೆಂದರೆ ನೆರೆಯವರ ಸನಿಹ ಬೇಕು, ನೆರೆಯವರು ಬಂದರೆ ಬೆಳೆಯುವ ಜಾಗ ಮುಚ್ಚುತ್ತದೆ. ಇಷ್ಟನ್ನೂ ದಾಳ, ಯುದ್ಧ ಯಾವುದೂ ಇಲ್ಲದೆ ಈ ಆಟ ಹೇಳುತ್ತದೆ.

ಹೊರನೆಲಕ್ಕೆ ಬೆಲೆ ಬಂದ ಕೂಡಲೇ ಅದನ್ನು ಕಾಯುವ ಹೊರೆಯೂ ಬರುತ್ತದೆ. ಲೂಟಿ ನೋಯಿಸಬೇಕು, ಆದರೆ ಒಂದೇ ಲೂಟಿಗೆ ಆಟ ಮುಗಿಯಬಾರದು. ಏಜ್ ಆಫ್ ವಂಡರ್ಸ್ 4ರಲ್ಲಿ ಪ್ರಾಂತವನ್ನು ಸೂರೆಮಾಡಲು ದಂಡು ಅಲ್ಲಿ ಕೆಲವು ಸರದಿ ನಿಲ್ಲಬೇಕು. ಕಾಯುವವನಿಗೆ ಧಾವಿಸಿ ಬರಲು ಸಮಯ ಸಿಗುತ್ತದೆ. ಹೀರೋಸ್‌ನಲ್ಲಿ ಗಣಿ ಮುರಿಯುವುದಿಲ್ಲ, ಒಡೆಯ ಬದಲಾಗುತ್ತಾನೆ ಅಷ್ಟೆ. ಕಂಪ್ಯೂಟರ್ ಎದುರಾಳಿಗೆ ಮಾತ್ರ ಈ ಕಲೆ ಇನ್ನೂ ಒಲಿದಿಲ್ಲ. ಅದು ಗೋಡೆಯ ಹಿಂದೆ ಬಲ ಕೂಡಿಸಿಟ್ಟು ಹೊಲಗಳನ್ನು ಅನಾಥವಾಗಿ ಬಿಡುತ್ತದೆ, ಅಥವಾ ಒಂದು ಗಣಿಯ ಹಿಂದೆ ಇಡೀ ದಂಡನ್ನು ಓಡಿಸುತ್ತದೆ. ಮನುಷ್ಯರ ನಡುವೆ ಸೊಗಸಾಗಿ ನಡೆಯುವ ನಿಯಮ ಯಂತ್ರದೆದುರು ಸೋಲುವುದು ಇಲ್ಲೇ. ಇನ್ನೊಂದು ತೊಡಕು ಆಟದ ಕೊನೆಯ ಭಾಗದ್ದು. ಹತ್ತಾರು ಊರುಗಳ ರೈತ ಕೆಲಸಗಾರರನ್ನು ಸರದಿ ಸರದಿಗೂ ಹೊಂದಿಸುತ್ತ ಕೂರುವುದು ಬೇಸರ ತರುತ್ತದೆ. ಮಾಸ್ಟರ್ ಆಫ್ ಮ್ಯಾಜಿಕ್ ಊರಿನ ಕೆಲಸವನ್ನು ವಜೀರನಿಗೆ ಒಪ್ಪಿಸಿಬಿಡುವ ಅವಕಾಶ ಕೊಟ್ಟಿತ್ತು. ನಂತರದ ಆಟಗಳು ಊರುಗಳ ಸಂಖ್ಯೆಯನ್ನೇ ಇಳಿಸಿ ಒಂದೊಂದು ಊರಿನ ತೂಕ ಹೆಚ್ಚಿಸಿದ್ದು ಸರಿಯಾದ ನಿರ್ಧಾರ.

ಈ ಆಟಗಳಲ್ಲಿ ಹೆಚ್ಚಿನವು ಕಡೆಗಣಿಸಿದ ಸಂಗತಿ ಹಳ್ಳಿಯವರ ಮನಸ್ಸು. ಹೊಲ ಫಲ ಕೊಡುತ್ತದೆ, ಉಳುವವನಿಗೆ ಹೆಸರಿಲ್ಲ, ದೂರಿಲ್ಲ. ಡೊಮಿನಿಯನ್ಸ್‌ನಲ್ಲಿ ಅಶಾಂತಿ ಹೆಚ್ಚಾದರೆ ತೆರಿಗೆ ಕುಸಿದು, 100 ದಾಟಿದ ಪ್ರಾಂತದಲ್ಲಿ ಸೈನ್ಯಕ್ಕೆ ಯಾರೂ ಸೇರುವುದಿಲ್ಲ. ಎಂಡ್‌ಲೆಸ್ ಲೆಜೆಂಡ್‌ನ ಸಣ್ಣ ಬುಡಕಟ್ಟುಗಳ ಹಳ್ಳಿಗಳನ್ನು ಲಂಚ ಕೊಟ್ಟೋ, ಅವರು ಹೇಳಿದ ಕೆಲಸ ಮಾಡಿಕೊಟ್ಟೋ, ಹೊಡೆದೋ ಒಲಿಸಿಕೊಳ್ಳಬೇಕು. ಒಲಿದ ಹಳ್ಳಿ ನಗರಕ್ಕೆ ದುಡಿಯುವ ಕೈಗಳನ್ನೂ ಹೊಸ ಬಗೆಯ ಭಟರನ್ನೂ ಕೊಡುತ್ತದೆ. ಇವೆಲ್ಲಕ್ಕಿಂತ ಮುಂದೆ ಹೋದದ್ದು ನಗರವೇ ಇಲ್ಲದ ಆಟ. ಗ್ರೆಗ್ ಸ್ಟಾಫರ್ಡ್ ಕಟ್ಟಿದ ಗ್ಲೊರಾಂಥಾ ಲೋಕದಲ್ಲಿ ನಡೆಯುವ, 1999ರಲ್ಲಿ ಬಂದ ಕಿಂಗ್ ಆಫ್ ಡ್ರ್ಯಾಗನ್ ಪಾಸ್‌ನಲ್ಲಿ ಆಟಗಾರ ಆಳುವುದು ಒಂದು ಕುಲವನ್ನು. ಇರುವ ನೆಲದಲ್ಲಿ ಉತ್ತಿದ್ದೆಷ್ಟು, ಹುಲ್ಲುಗಾವಲೆಷ್ಟು, ಬೇಟೆಗೆ ಬಿಟ್ಟ ಕಾಡೆಷ್ಟು ಎಂದು ಗೊತ್ತುಮಾಡಬೇಕು. ಸಂಪತ್ತಿನ ಅಳತೆ ದನ. ಬಿತ್ತನೆ ಅಥವಾ ಕೊಯ್ಲಿನ ಹೊತ್ತಿನಲ್ಲಿ ರೈತರನ್ನು ದಾಳಿಗೆ ಕರೆದೊಯ್ದರೆ ಆ ವರ್ಷದ ಕಣಜ ಬರಿದಾಗುತ್ತದೆ, ರೈತರು ಮುನಿಯುತ್ತಾರೆ. ಮುನಿಸಿಗೆ ಇಲ್ಲಿ ಅಂಕಿಯೊಂದೇ ಅಲ್ಲ, ಮಾತೂ ಇದೆ: ಏಳು ಮಂದಿಯ ಸಭೆಯಲ್ಲಿ ಒಬ್ಬೊಬ್ಬ ಹಿರಿಯರೂ ತಮ್ಮ ತಮ್ಮ ದೇವರ ಪಕ್ಷ ಹಿಡಿದು ಸಲಹೆ ಕೊಡುತ್ತಾರೆ. 2018ರಲ್ಲಿ ಅದೇ ತಂಡದ ಸಿಕ್ಸ್ ಏಜಸ್ ಈ ಬಗೆಯನ್ನು ಮುಂದುವರಿಸಿತು. ಉಳುವವನ ಮಾತನ್ನು ಕೇಳಿಸುವ ಈ ಬಗೆ, ಕೋಟೆ ಪೇಟೆಗಳಿರುವ ದೊಡ್ಡ ಆಟಗಳಿಗೆ ಇನ್ನೂ ಪೂರ್ತಿಯಾಗಿ ಬಂದು ಸೇರಿಲ್ಲ.